ಕರಗುವ ಐಎಲ್-6 ರಿಸೆಪ್ಟರ್ ಹಾಕಿದರೆ ಸಿಗ್ನಲ್ ಹೆಚ್ಚುವುದೇಕೆ?

ಎಂಡೋಥೀಲಿಯಲ್ ಕೋಶಗಳಿಗೆ (ರಕ್ತನಾಳದ ಒಳಪದರದ ಕೋಶಗಳು) ಐಎಲ್-6 ಎಂಬ ಉರಿಯೂತದ ಸಂದೇಶ ಪ್ರೋಟೀನ್ ಜೊತೆ ಅದರ ಕರಗುವ ರಿಸೆಪ್ಟರ್ (ಕೋಶಕ್ಕೆ ಅಂಟಿರದೆ ದ್ರವದಲ್ಲಿ ತೇಲುವ ಗ್ರಾಹಕ) ಹಾಕಿದೆ, ಸಿಗ್ನಲ್ ಇಳಿಯೋ ಬದಲು ಜಾಸ್ತಿ ಯಾಕಾಯ್ತು ಅಂತ ಕೇಳಿದ್ದೀರಿ. ನಿಮ್ಮ ಪ್ರಯೋಗ ಕೆಟ್ಟಿಲ್ಲ, ಆಗಬೇಕಾದ್ದೇ ಆಗಿದೆ.

ನೀವು ಬಹುಶಃ ಟಿಎನ್‌ಎಫ್ (ಇನ್ನೊಂದು ಉರಿಯೂತದ ಸಂದೇಶ ಪ್ರೋಟೀನ್) ಲೆಕ್ಕದಲ್ಲಿ ಯೋಚಿಸಿದ್ದೀರಿ, ಅಲ್ವಾ? ಅಲ್ಲಿ ಕರಗುವ ರಿಸೆಪ್ಟರ್ ಟಿಎನ್‌ಎಫ್ ಅನ್ನು ಹಿಡಿದಿಟ್ಟು ಕೋಶಕ್ಕೆ ತಲುಪದಂತೆ ಮಾಡುತ್ತದೆ. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸಂಧಿವಾತದ ಔಷಧಿ ಎಟನರ್ಸೆಪ್ಟ್ ಕೆಲಸ ಮಾಡುವುದು ಹೀಗೇ.

ಐಎಲ್-6 ದಾರಿಯೇ ಬೇರೆ. ಅದರ ರಿಸೆಪ್ಟರ್ ತಾನಾಗಿ ಸಿಗ್ನಲ್ ಕೊಡುವುದಿಲ್ಲ. ಆ ಕೆಲಸ ಕೋಶದ ಮೇಲಿರುವ ಜಿಪಿ130 ಪ್ರೋಟೀನಿನದು. ಐಎಲ್-6 ರಿಸೆಪ್ಟರ್ ಲಿವರ್ ಕೋಶ, ಕೆಲವು ಬಿಳಿ ರಕ್ತಕಣಗಳಂಥ ಕಡೆ ಮುಖ್ಯವಾಗಿ ಇರುತ್ತದೆ. ಜಿಪಿ130 ಮಾತ್ರ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇದೆ. ಐಎಲ್-6 ಮತ್ತು ಕರಗುವ ರಿಸೆಪ್ಟರ್ ಜೋಡಿಯಾಗಿ ಬಂದು ಅದಕ್ಕೆ ಅಂಟಿದರೆ, ಸುಮ್ನಿದ್ದ ಕೋಶವೂ ಎಚ್ಚೆತ್ತುಕೊಳ್ಳುತ್ತದೆ. ಸೈಟೊಕೈನ್‌ಗಳಲ್ಲಿ (ಐಎಲ್-6, ಟಿಎನ್‌ಎಫ್‌ನಂಥ ಸಂದೇಶ ಪ್ರೋಟೀನ್‌ಗಳು) ನನಗೆ ತುಂಬಾ ಇಷ್ಟವಾದ ವಿಷಯ ಇದು.

ಖಚಿತಪಡಿಸಿಕೊಳ್ಳಲು ಅದೇ ಮಿಶ್ರಣದ ಇನ್ನೊಂದು ವೆಲ್‌ಗೆ (ಕೋಶ ಬೆಳೆಸುವ ತಟ್ಟೆಯ ಗುಳಿ) ಕರಗುವ ಜಿಪಿ130-ಎಫ್‌ಸಿ ಸೇರಿಸಿ, ಅದು ಆ ಜೋಡಿಯನ್ನು ಕೋಶಕ್ಕೆ ತಲುಪುವ ಮೊದಲೇ ಹಿಡಿದಿಡುತ್ತದೆ. ಫಾಸ್ಫೊ-ಸ್ಟ್ಯಾಟ್3 (ಕೋಶದೊಳಗೆ ಸಿಗ್ನಲ್ ತಲುಪಿದ್ದರ ಗುರುತು) ಬ್ಯಾಂಡ್ ಮಸುಕಾದರೆ ಅನುಮಾನ ಬೇಡ. ರಿಸೆಪ್ಟರ್ ಒಂದನ್ನೇ ಹಾಕಿದ ವೆಲ್ ಕೂಡ ಇರಲಿ. ಎಂಡೋಥೀಲಿಯಲ್ ಕೋಶಗಳು ತಾವೇ ಐಎಲ್-6 ಬಿಡುವುದರಿಂದ, ಬರೀ ರಿಸೆಪ್ಟರ್ ಹಾಕಿದರೂ ಸಿಗ್ನಲ್ ಬರಬಹುದು.