ಚಟ್ನಿಯೂ ಒಂದು ವಾದ್ಯವೇ?

ದಾವಣಗೆರೆ ವಿದ್ಯಾನಗರದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಪತ್ರ: "ಗಣೇಶನ ಹಬ್ಬಕ್ಕೆ ಮಕ್ಕಳಿಗೆ ಭಜನೆ ತಾಲೀಮು ಮಾಡಿಸುತ್ತಿದ್ದೆ. ಯಾರು ಯಾವ ವಾದ್ಯ ನುಡಿಸುತ್ತೀರಿ ಎಂದರೆ, ಎಂಟನೇ ಕ್ಲಾಸಿನ ಮೊಮ್ಮಗ ಕೈಯೆತ್ತಿ 'ಅಜ್ಜಾ, ಚಟ್ನಿ ವಾದ್ಯನಾ?' ಎಂದ. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಸ್ಪಾಂಜ್‌ಬಾಬ್ ಎಂಬ ಕಾರ್ಟೂನಿನ ಜೋಕಂತೆ. ನೀತಿಯೂ ಇಲ್ಲ, ತಲೆಬುಡವೂ ಇಲ್ಲ. ಇಂಥದರ ವಿರುದ್ಧ ನೀವೇಕೆ ಬರೆಯುವುದಿಲ್ಲ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನೀವು ವಿರುದ್ಧ ಬರೆಯಿರಿ ಎಂದಿರಿ, ನಾನು ಪರವಾಗಿ ಬರೆಯಲು ಕೂತಿದ್ದೇನೆ.

ಮೊದಲು ನಿಮ್ಮ ಪಾಲಿನದು ಕೊಟ್ಟುಬಿಡುತ್ತೇನೆ. 2011ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ನಾಲ್ಕು ವರ್ಷದ 60 ಮಕ್ಕಳ ಮೇಲೆ ಪರೀಕ್ಷೆ ನಡೆಸಿದರು. ಇದೇ ಕಾರ್ಟೂನನ್ನು ಒಂಬತ್ತು ನಿಮಿಷ ನೋಡಿದ ಮಕ್ಕಳು ಆ ಕೂಡಲೇ ಕೊಟ್ಟ ಗಮನದ, ಸಂಯಮದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ನಿಜ. ಆದರೆ ಇದು ನಾಲ್ಕು ವರ್ಷದವರಿಗೆ ಮಾಡಿದ್ದಲ್ಲ, ಆರರಿಂದ ಹನ್ನೊಂದರವರಿಗೆ ಎಂದು ಚಾನೆಲ್ಲಿನವರು ಹೇಳಿದರು. ನಿಮ್ಮ ಮೊಮ್ಮಗ ಅದನ್ನೂ ದಾಟಿದ್ದಾನೆ. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ಚಟ್ನಿಗೆ ಬರೋಣ. ಮೂಲದಲ್ಲಿ ಅದು ಮಯೋನೀಸ್, ಬ್ರೆಡ್ಡಿಗೆ ಹಚ್ಚುವ ಬಿಳಿ ಸಾಸು. ಕಡಲ ತಳದ ಊರೊಂದರಲ್ಲಿ ನಡೆಯುವ ಈ ಕಾರ್ಟೂನಿನ 2001ರ ಕಂತು. ಸ್ಕ್ವಿಡ್‌ವರ್ಡ್ ಎಂಬ ಸಿಡುಕು ಮೋರೆಯ ಕ್ಲಾರಿನೆಟ್ ವಾದಕ ಊರಿನವರನ್ನು ಗುಡ್ಡೆ ಹಾಕಿ ಬ್ಯಾಂಡ್ ಕಟ್ಟಲು ಹೊರಡುತ್ತಾನೆ. ಪ್ಯಾಟ್ರಿಕ್ ಎಂಬ ನಕ್ಷತ್ರಮೀನು 'ಮಯೋನೀಸ್ ವಾದ್ಯವೇ?' ಎನ್ನುತ್ತದೆ. ಅಲ್ಲ ಎಂದದ್ದೇ ತಡ, ಮತ್ತೆ ಕೈ ಮೇಲೆ. ಈ ಸಲ ಪ್ರಶ್ನೆ ಬಾಯಿಗೆ ಬರುವ ಮೊದಲೇ ಸ್ಕ್ವಿಡ್‌ವರ್ಡ್ ಸುಸ್ತಾದ ದನಿಯಲ್ಲಿ 'ಹಾರ್ಸ್‌ರ್‍ಯಾಡಿಶ್ ಕೂಡ ವಾದ್ಯವಲ್ಲ' (ಅದೂ ಒಂದು ಖಾರದ ನಂಚಿಕೆ) ಎನ್ನುತ್ತಾನೆ. ಎತ್ತಿದ ಕೈ ಇಳಿಯುತ್ತದೆ. ನಗು ಇರುವುದು ಆ ಎರಡನೇ ಉತ್ತರದಲ್ಲಿ. ಕೊನೇ ಬೆಂಚಿನ ಕೈ ಮೇಲೇಳುತ್ತಿದ್ದಂತೆ ಪ್ರಶ್ನೆ ಏನೆಂದು ನಿಮಗೂ ಗೊತ್ತಾಗುತ್ತಿರಲಿಲ್ಲವೇ? ಇದು ಮೇಷ್ಟ್ರುಗಳ ಜೋಕು ಸಾರ್! ಬರೆಸಿದವನೂ ಮೇಷ್ಟ್ರೇ. ಸ್ಟೀಫನ್ ಹಿಲೆನ್‌ಬರ್ಗ್ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿಗೆ ಕಡಲ ಜೀವಿಗಳ ಪಾಠ ಹೇಳುತ್ತಿದ್ದವನು. 1999ರಲ್ಲಿ ಈ ಸರಣಿ ಶುರುಮಾಡಿ 2018ರಲ್ಲಿ ತೀರಿಕೊಂಡ. ಆಗ ಅಭಿಮಾನಿಗಳು ಅದೇ ಕಂತಿನ ಕೊನೆಯ ಹಾಡನ್ನು ಅಮೆರಿಕನ್ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ನಡುವೆ ಹಾಡಿಸಬೇಕೆಂದು ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು. 2019ರ ಪಂದ್ಯದಲ್ಲಿ ಬಂದದ್ದು ಹಾಡಲ್ಲ, ಕಾರ್ಟೂನಿನ ಕೆಲವೇ ಸೆಕೆಂಡಿನ ತುಣುಕು. ಜನ ಕೆಂಡವಾದರು.

ಇನ್ನೊಂದು ಕೇಳಿ. ಸ್ಪಾಂಜ್‌ಬಾಬ್ ಕೆಲಸ ಮಾಡುವ ಹೋಟೆಲಿನ ಏಡಿ ಯಜಮಾನ ಅದರ ಪಕ್ಕದಲ್ಲೇ ಎರಡನೇ ಹೋಟೆಲ್ ತೆರೆಯುತ್ತಾನೆ. ಇದಕ್ಕೆ ಪ್ರೇರಣೆ ಏನು ಎಂದು ಟಿ.ವಿ.ಯವನು ಮೈಕ್ ಹಿಡಿದರೆ ಒಂದೇ ಮಾತು: 'ದುಡ್ಡು!' ಬೆಣ್ಣೆದೋಸೆ ಹೋಟೆಲುಗಳ ಊರಿನವರಾದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕೇ?

ನಮ್ಮ ಕಚೇರಿಯ ಟ್ರೇನಿ ಹುಡುಗಿ ಮೊನ್ನೆ ಫೋನಿನಲ್ಲಿ ಮೀಮ್ ತೋರಿಸಿದಳು. ಸ್ಪಾಂಜ್‌ಬಾಬ್ ಕೋಳಿಯಂತೆ ಬಾಗಿ ನಿಂತ ಚಿತ್ರ; 2017ರಿಂದ ಯಾರನ್ನಾದರೂ ಅಣಕಿಸಲು ಬಳಸುವುದು. ಇಂಗ್ಲಿಷಿನವರು ದೊಡ್ಡಕ್ಷರ ಸಣ್ಣಕ್ಷರ ಬೆರೆಸಿ ಬರೆಯುತ್ತಾರೆ. ನಮ್ಮಲ್ಲಿ ಆ ಸೌಲಭ್ಯವಿಲ್ಲವಲ್ಲ, ನಮ್ಮ ಹುಡುಗರು ದೀರ್ಘ ಹ್ರಸ್ವ ಕೆಡಿಸಿದ್ದಾರೆ. 'ಓದ್ಕೋ ಹೋಗಲೇ' ಎಂಬ ಅಪ್ಪನ ಮಾತು ಚಿತ್ರದ ಕೆಳಗೆ 'ಒದ್ಕೊ ಹೊಗಾಲೆ' ಎಂದಿತ್ತು. ಕಾಗುಣಿತ ಗಟ್ಟಿಯಾಗಿ ಬರುವವನು ಮಾತ್ರ ಹೀಗೆ ಲೆಕ್ಕ ಹಾಕಿ ಕೆಡಿಸಬಲ್ಲ. ಮೊಮ್ಮಗ ಮಯೋನೀಸನ್ನು ಚಟ್ನಿ ಮಾಡಿದ್ದೂ ಅದೇ ಜಾಣತನ. ಅದು ನಿಮ್ಮ ಪಾಠದ ಫಲವೇ ಇರಬೇಕು, ಬೈಯುವುದೇಕೆ?

ನೀತಿ ಇಲ್ಲ ಎಂದಿರಿ. ನನ್ನ ಹೊಟ್ಟೆಯುರಿ ಇರುವುದೇ ಅಲ್ಲಿ. ನಮ್ಮ ಮಕ್ಕಳ ವಿಶೇಷಾಂಕಕ್ಕೆ ಬರುವ ಕಥೆಗಳನ್ನು ಒಮ್ಮೆ ಬಂದು ನೋಡಿ. ಮೊಲ ಸುಳ್ಳು ಹೇಳಿ ಸಿಕ್ಕಿಬೀಳುತ್ತದೆ, ಆನೆ ಬುದ್ಧಿ ಹೇಳುತ್ತದೆ, ಮೊಲ ಕಣ್ಣೀರಿಟ್ಟು ಕ್ಷಮೆ ಕೇಳುತ್ತದೆ. ಬರೆದವರೆಲ್ಲ ದೊಡ್ಡವರು. ಒಂದು ಮೊಲವಾದರೂ ಸುಮ್ಮನೆ ಜಾರಿ ಬಿದ್ದು ನಗಿಸಬಾರದೇ? ಶಾಲಾ ವಾರ್ಷಿಕೋತ್ಸವಕ್ಕೆ ಹೋದರೆ ಅತಿಥಿಗಳ ಭಾಷಣವೇ ಒಂದೂವರೆ ತಾಸು. ಹುಡುಗರ ಹಾಸ್ಯ ಪ್ರಹಸನ ಬರುವ ಹೊತ್ತಿಗೆ ಶಾಮಿಯಾನದವನು ಕುರ್ಚಿ ಮಡಚುತ್ತಿರುತ್ತಾನೆ. ಹೀಗಿರುವಾಗ ಹುಡುಗರು ನಗುವನ್ನು ಕಡಲ ತಳದಿಂದ ತಂದುಕೊಂಡರೆ ತಪ್ಪು ಯಾರದು?

ಅದೂ ದಾವಣಗೆರೆಯಲ್ಲಿ! ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಕಂಪನಿ ನಾಟಕ ನೋಡಿ ಬಂದವರು ಮಾರನೇ ದಿನ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಹೇಳಿಕೊಳ್ಳುತ್ತಿದ್ದದ್ದು ರಾಜನ ಉಪದೇಶವನ್ನಲ್ಲ, ಹಾಸ್ಯಗಾರನ ಡೈಲಾಗನ್ನು. ಅದನ್ನೂ ಊರಿನ ಹೆಸರು, ಗೌಡನ ಹೆಸರು ಬದಲಿಸಿ ತಮ್ಮದೇ ಮಾಡಿಕೊಂಡು. ಈಗಿನ ಹುಡುಗರು ಅದನ್ನು ಮೀಮ್ ಎನ್ನುತ್ತಾರೆ, ಅಷ್ಟೇ.

ಮುಂದಿನ ತಾಲೀಮಿನಲ್ಲಿ ಅವನು ಮತ್ತೆ ಕೈಯೆತ್ತಿದರೆ, ಬಾಯಿ ತೆರೆಯುವ ಮೊದಲೇ 'ಉಪ್ಪಿನಕಾಯಿಯೂ ವಾದ್ಯವಲ್ಲ, ಕೈ ಇಳಿಸು' ಎಂದು ನೋಡಿ. ಏನಾಯಿತೆಂದು ಬರೆಯಿರಿ, ಅಚ್ಚು ಹಾಕುತ್ತೇನೆ. ಹೋದ ತಿಂಗಳ ಸಂಚಿಕೆ ಕೈಸೇರಿಲ್ಲ ಎಂದಿದ್ದಿರಿ. ಪ್ರಸರಣ ವಿಭಾಗಕ್ಕೆ ಹೇಳಿದ್ದೇನೆ, ಇನ್ನೊಂದು ಪ್ರತಿ ಅಂಚೆಗೆ ಹಾಕುತ್ತಾರೆ.