ತಾಮ್ರದ ಚೊಂಬಿನ ನೀರು, ಚಹಾ ಬಣ್ಣದ ಸೀರಮ್

ಪ್ರಶ್ನೆ: ಮೇಡಂ, ಆಸ್ಕಾರ್ಬಿಕ್ ಆಮ್ಲದ ಪುಡಿ ತರಿಸಿ ಮನೆಯಲ್ಲೇ ಮುಖಕ್ಕೆ ಹಚ್ಚುವ ವಿಟಮಿನ್ ಸಿ ಸೀರಮ್ ಮಾಡಿದೆ. ಶುದ್ಧವಾಗಿರಲಿ ಎಂದು ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿಟ್ಟ ನೀರನ್ನೇ ಬಳಸಿದೆ. ವಿಟಮಿನ್ ಇ ಮಾತ್ರೆಯೊಂದನ್ನೂ ಹಿಂಡಿದೆ. ವಾರದೊಳಗೆ ಚಹಾ ಬಣ್ಣಕ್ಕೆ ತಿರುಗಿತು. ಬೆರಳ ತುದಿ, ದಿಂಬಿನ ಕವರ್ ಎಲ್ಲವೂ ಹಳದಿ. ತಪ್ಪಿದ್ದೆಲ್ಲಿ? ಇದರ ಬದಲು ನಿಂಬೆರಸ ಹಚ್ಚಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ತಪ್ಪಿದ್ದು ಚೊಂಬಿನಲ್ಲಿ. ಆ ನೀರನ್ನು ಕುಡಿಯುವ ಬಗ್ಗೆ ನನ್ನ ತಕರಾರಿಲ್ಲ, ಸೀರಮ್ಮಿಗೆ ಮಾತ್ರ ಬೇಡ. ತನ್ನನ್ನು ಆಕ್ಸಿಜನ್‌ಗೆ ಮೊದಲು ಒಪ್ಪಿಸಿಕೊಳ್ಳುವುದೇ ವಿಟಮಿನ್ ಸಿ ಕಸುಬು. ತಾಮ್ರ, ಕಬ್ಬಿಣದ ಅಂಶ ಲವಲೇಶವಿದ್ದರೂ ಆ ಕೆಲಸ ಹಲವು ಪಟ್ಟು ಚುರುಕಾಗಿ ಸೀರಮ್ ಬಣ್ಣಗೆಡುತ್ತದೆ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ನಾನೇ ಮೊದಲ ಸಲ ಮನೆಯ ಬೋರ್‌ವೆಲ್ ನೀರು ಹಾಕಿ ಮೂರು ದಿನದಲ್ಲಿ ಕೆಡಿಸಿದ್ದೆ. ಬಕೆಟ್ಟಿನ ತಳದ ಕೆಂಪು ಕಲೆಯನ್ನು ದಿನವೂ ಉಜ್ಜುತ್ತಿದ್ದರೂ ಆ ನೀರಿನಲ್ಲಿ ಕಬ್ಬಿಣವಿದೆಯೆಂದು ಹೊಳೆದಿರಲಿಲ್ಲ!

ಔಷಧದಂಗಡಿಯಲ್ಲಿ ಇಂಜೆಕ್ಷನ್ ಪುಡಿ ಕಲಸಲು ಕೊಡುವ ಶುದ್ಧ ನೀರಿನ ಸಣ್ಣ ಸೀಸೆ ಸಿಗುತ್ತದೆ, ಅದನ್ನು ತನ್ನಿ. ಬ್ಯಾಟರಿಗೆ ಹಾಕುವ ನೀರು ಬೇಡ, ಅದು ಮುಖಕ್ಕೆಂದು ತಯಾರಾದದ್ದಲ್ಲ. 8 ಗ್ರಾಂ ನೀರಿಗೆ 1 ಗ್ರಾಂ ಗ್ಲಿಸರಿನ್, 1 ಗ್ರಾಂ ಪುಡಿ. ಇದು ಶೇ. 10ರ ದ್ರಾವಣ, ಶುರುವಿಗೆ ಧಾರಾಳವಾಯಿತು. ಶೇ. 20 ದಾಟಿದರೆ ಚರ್ಮ ಹೆಚ್ಚೇನೂ ಹೀರುವುದಿಲ್ಲ, ಉರಿ ಮಾತ್ರ ಹೆಚ್ಚು. ಚಮಚದ ಅಂದಾಜು ನಂಬಬೇಡಿ, ಅಕ್ಕಸಾಲಿಗರ ಬಳಿ ಇರುವಂಥ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಗಾಜಿನ ಲೋಟದಲ್ಲಿ, ಗಾಜಿನ ಕಡ್ಡಿಯಿಂದ ಕಲಕಿ.

ಈಗ ಅದರ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) ಎರಡರ ಆಸುಪಾಸಿನಲ್ಲಿದ್ದು ಮುಖ ಚುರುಗುಟ್ಟುತ್ತದೆ. ಅಡುಗೆ ಸೋಡಾವನ್ನು ಸಾಸಿವೆಕಾಳಿನಷ್ಟು ಹಾಕಿ, ನೊರೆ ಇಳಿದ ಮೇಲೆ ಪಿಎಚ್ ಪಟ್ಟಿ ಅದ್ದಿ ನೋಡಿ. ಬೇಕಿದ್ದರೆ ಮತ್ತೆ ಅಷ್ಟೇ ಹಾಕಿ, ಮೂರರ ಹತ್ತಿರ ಬಂದರೆ ನಿಲ್ಲಿಸಿ. ಮೂರೂವರೆ ದಾಟಿದರೆ ಚರ್ಮದೊಳಗೆ ಇಳಿಯುವುದೇ ಕಷ್ಟ.

ವಿಟಮಿನ್ ಇ ಎಣ್ಣೆ, ನೀರಿನ ಮೇಲೆ ತೇಲುತ್ತದೆ. ಕಂಪನಿಗಳು ಫೆರುಲಿಕ್ ಆಮ್ಲದ (ಗಿಡಗಳಲ್ಲಿರುವ, ಆಕ್ಸಿಜನ್ ಹಾವಳಿ ತಡೆಯುವ ವಸ್ತು) ಜೊತೆ ಅದನ್ನು ಸೇರಿಸಿ ಸೀರಮ್ ಬಾಳಿಕೆ ಬರುವಂತೆ ಮಾಡುವುದು ನಿಜ. ಆದರೆ ಅವೆರಡನ್ನೂ ಕರಗಿಸುವ ದ್ರಾವಕ ನಮ್ಮ ಅಡುಗೆಮನೆಯಲ್ಲಿಲ್ಲ. ಬಿಟ್ಟುಬಿಡಿ.

ಕಂದು ಗಾಜಿನ ಸೀಸೆಯಲ್ಲಿ ಕಂಠಪೂರ್ತಿ ತುಂಬಿಸಿ ಫ್ರಿಜ್ಜಿನಲ್ಲಿಡಿ. ಗಾಳಿಗೆ ಜಾಗ ಕಡಿಮೆಯಾದಷ್ಟೂ ಒಳ್ಳೆಯದು. ಸಂರಕ್ಷಕ ಹಾಕಿಲ್ಲವಾದ್ದರಿಂದ ಹತ್ತು ದಿನಕ್ಕಿಂತ ಇಡಬೇಡಿ, ಉಳಿದರೆ ಚೆಲ್ಲಿ. ಸೀಸೆ ತುಂಬ ಮಾಡಿಟ್ಟುಕೊಳ್ಳಲು ಇದು ಉಪ್ಪಿನಕಾಯಿಯಲ್ಲ. ಮೊದಲು ಮೊಣಕೈ ಒಳಮಗ್ಗುಲಿಗೆ ಹಚ್ಚಿ ಎರಡು ದಿನ ಕಾಯಿರಿ. ಮುಖಕ್ಕೆ ಹಚ್ಚಿ ಹೊರಗೆ ಹೋಗುವಾಗ ಮೇಲೆ ಸನ್‌ಸ್ಕ್ರೀನ್ ಇರಲಿ.

ನಿಂಬೆರಸ ಖಂಡಿತ ಬೇಡ. 100 ಗ್ರಾಂ ರಸದಲ್ಲಿ ವಿಟಮಿನ್ ಸಿ ಇರುವುದು ಸುಮಾರು 40–50 ಮಿಲಿಗ್ರಾಂ, ಅಂದರೆ ಶೇ. 10ರ ಸೀರಮ್ಮಿನಲ್ಲಿರುವುದರ ಸುಮಾರು ಇನ್ನೂರರಲ್ಲಿ ಒಂದು ಭಾಗ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು.

ಚಹಾ ಬಣ್ಣದ್ದನ್ನು ಇಂದೇ ಚೆಲ್ಲಿ. ಬೆರಳಿನ ಹಳದಿ ಕೆಲವು ದಿನಗಳಲ್ಲಿ ತಾನಾಗಿ ಹೋಗುತ್ತದೆ. ದಿಂಬಿನ ಕವರಿನದು ಹೋಗುವ ಭರವಸೆ ಕೊಡಲಾರೆ. ನನ್ನದನ್ನು ಮಗುಚಿ ಹಾಕಿಕೊಂಡು ಮಲಗುತ್ತಿದ್ದೇನೆ.