ಜಾಲಿ ಮುಳ್ಳಿನ ಸೀಮೆಯಲ್ಲಿ ಟ್ಯೂಬ್‌ಲೆಸ್ ಸೈಕಲ್

ಪ್ರಶ್ನೆ: ಸರ್, ನಾನು ಕಲಬುರಗಿಯವನು. 29 ಇಂಚಿನ ಮೌಂಟೇನ್ ಬೈಕ್ ಇದೆ. ಭಾನುವಾರ ಗೆಳೆಯರ ಜೊತೆ ಹೊಲದ ದಾರಿ ಹಿಡಿದು ಹೋಗುತ್ತೇನೆ. ಹೋದಾಗಲೆಲ್ಲ ಜಾಲಿ ಮುಳ್ಳು ಚುಚ್ಚಿ ಪಂಕ್ಚರ್. ಹಿಂದಿನ ಟ್ಯೂಬಿಗೆ ಈಗಾಗಲೇ ಹನ್ನೊಂದು ಪ್ಯಾಚ್ ಬಿದ್ದಿವೆ. ಟ್ಯೂಬ್‌ಲೆಸ್ ಮಾಡಿಸಿದರೆ ಸರಿ ಹೋಗುತ್ತದಾ? ಮೋಟರ್ ಬೈಕಿಗೆ ಹಾಕುವ ಜೆಲ್ಲನ್ನೇ ಇದಕ್ಕೂ ಹಾಕಬಹುದು ಅಂತ ಪಂಕ್ಚರ್ ಅಂಗಡಿಯವರು ಹೇಳುತ್ತಾರೆ. ಹಾಕಿಸಲಾ?

ಉತ್ತರ: ಟ್ಯೂಬ್‌ಲೆಸ್ ಮಾಡಿಸಿ. ಜೆಲ್ ಮಾತ್ರ ಬೇಡ.

ನಮ್ಮ ಕಡೆ ಟಯರಿಗೆ ಚುಚ್ಚುವುದು ಹೆಚ್ಚಾಗಿ ಬಳ್ಳಾರಿ ಜಾಲಿ, ಇಲ್ಲವೇ ನೆಗ್ಗಿಲು ಮುಳ್ಳು. ಎರಡೂ ಮಾಡುವುದು ಸಣ್ಣ ತೂತು. ಸೈಕಲ್ಲಿನ ಸೀಲಂಟ್ ಅಂದರೆ ಹಾಲಿನಂತೆ ತೆಳ್ಳಗಿರುವ ರಬ್ಬರ್ ದ್ರವ. ಹವಾ ಹೊರಬರುವ ಕಡೆಗೇ ಅದೂ ನುಗ್ಗಿ ತೂತಿನಲ್ಲಿ ಹೆಪ್ಪುಗಟ್ಟುತ್ತದೆ. ಎಷ್ಟೋ ಸಲ ಮುಳ್ಳು ಹೊಕ್ಕಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಸೈಕಲ್ ಟಯರಿನ ಪಕ್ಕದ ಗೋಡೆ ತೆಳುವು, ಅಲ್ಲಿಂದಲೂ ಹವಾ ಜಿನುಗುತ್ತದೆ. ಅದನ್ನೂ ಇದೇ ದ್ರವ ಮುಚ್ಚಬೇಕು. ಬೈಕಿನ ಜೆಲ್ ದಪ್ಪ, ಈ ಕೆಲಸ ಅದರಿಂದ ಆಗುವುದಿಲ್ಲ. ಆದರೆ ತೊಗರಿ ಕೊಯ್ದ ಮೇಲೆ ಉಳಿಯುವ ಚೂಪು ಕೂಳೆ, ಶಹಾಬಾದ್ ಕಲ್ಲಿನ ಒಡೆದ ಅಂಚು, ಇವು ಟಯರನ್ನು ಸೀಳಿಬಿಡುತ್ತವೆ. ಆ ಸೀಳಿಗೆ ಸೀಲಂಟ್ ಸಾಲದು.

ಮೊದಲು ರಿಮ್ ನೋಡಿ. ರಿಮ್ ಮೇಲೂ ಟಯರ್ ಮೇಲೂ ‘ಟ್ಯೂಬ್‌ಲೆಸ್ ರೆಡಿ’ ಅಂತ ಇರಬೇಕು. ಅಂಥ ರಿಮ್ಮಿನ ಒಳಗೆ ಎರಡೂ ಅಂಚಿನ ಪಕ್ಕ ಸಪಾಟು ಜಾಗ ಇರುತ್ತದೆ, ಅದರ ಕೊನೆಗೆ ಸಣ್ಣ ಏಣು. ಟಯರಿನ ಅಂಚು ಅಲ್ಲಿ ಕಚ್ಚಿಕೊಂಡು ಕೂರುತ್ತದೆ. ಅದಿಲ್ಲದ ರಿಮ್ಮಿಗೆ ಟೇಪ್ ಸುತ್ತಿ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಹವಾ ಕಡಿಮೆ ಇದ್ದಾಗ ತಿರುವಿನಲ್ಲಿ ಟಯರ್ ಜಾರಿ, ಒಮ್ಮೆಲೇ ಖಾಲಿಯಾಗಿ ನೀವು ಬೀಳುತ್ತೀರಿ.

ರಿಮ್ ಸರಿಯಿದ್ದರೂ ಕಡ್ಡಿಗಳ ತೂತಿನಿಂದ ಹವಾ ಹೋಗದಂತೆ ಅದರ ಒಳಗೆ ಟೇಪ್ ಸುತ್ತಬೇಕು. ಆ ಕೆಲಸಕ್ಕೆ ಅರ್ಧ ದಿನ ಹೋದರೂ ಹೋಗಲಿ. ಟ್ಯೂಬ್‌ಲೆಸ್ ಕೆಟ್ಟದ್ದು ಅಂತ ಬೇಸತ್ತು ಮತ್ತೆ ಟ್ಯೂಬ್ ಹಾಕಿಸಿಕೊಂಡವರ ಗಾಲಿಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಹೆಚ್ಚಿನವುಗಳಲ್ಲಿ ತಪ್ಪಿದ್ದದ್ದು ಟೇಪು. ಹಳೆ ಅಂಟು, ಧೂಳು ಪೂರ್ತಿ ಹೋಗುವಂತೆ ರಿಮ್ಮನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ರಿಮ್ಮಿನ ಒಳ ಅಗಲಕ್ಕಿಂತ 2–3 ಮಿ.ಮೀ. ಹೆಚ್ಚು ಅಗಲವಿರುವ ಟ್ಯೂಬ್‌ಲೆಸ್ ಟೇಪ್ ತನ್ನಿ. ಬಿಗಿಯಾಗಿ ಎಳೆಯುತ್ತ ಸುತ್ತಿ, ಹೆಬ್ಬೆರಳಲ್ಲಿ ಒತ್ತುತ್ತ ಹೋಗಿ. ಗುಳ್ಳೆ ಉಳಿಯಬಾರದು. ತುದಿ ಒಂದರ ಮೇಲೊಂದು 10 ಸೆಂ.ಮೀ.ನಷ್ಟಾದರೂ ಬರಲಿ. ವಾಲ್ವಿನ ತೂತು ಚಿಕ್ಕದಾಗಿರಲಿ. ಬ್ಲೇಡಿನಿಂದ ಸೀಳಿದರೆ ಹರಿಯುತ್ತ ಹೋಗುತ್ತದೆ, ಕಾಯಿಸಿದ ಮೊಳೆಯಿಂದ ಚುಚ್ಚಿ, ಅದರಲ್ಲಿ ಟ್ಯೂಬ್‌ಲೆಸ್ ವಾಲ್ವ್ ಕೂರಿಸಿ.

ಟಯರ್ ಅಂಚಿಗೆ ಸೋಪಿನ ನೀರು ಸವರಿ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲೇ ಹವಾ ಹಿಡಿಸಬಹುದು. ಪ್ರೆಸ್ಟಾ ವಾಲ್ವ್ (ತೆಳ್ಳಗಿದ್ದು ತುದಿಯಲ್ಲಿ ಸಣ್ಣ ತಿರುಪು ಇರುವಂಥದ್ದು) ಆದರೆ ಪುಟ್ಟ ಅಡಾಪ್ಟರ್ ಜೇಬಿನಲ್ಲಿರಲಿ. ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ರಿಮ್ ಮೇಲೂ ಟಯರ್ ಮೇಲೂ ಬರೆದಿರುವ ಗರಿಷ್ಠ ಒತ್ತಡಗಳಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಬಾರದು. ಬೈಕಿನ ಲೆಕ್ಕದಲ್ಲಿ ಸುಮ್ನೆ ತುಂಬುತ್ತ ಹೋದರೆ ಟಯರ್ ಸಿಡಿಯುತ್ತದೆ. ಟಪ್ ಟಪ್ ಅಂತ ಎರಡೂ ಅಂಚು ಕೂತ ಸದ್ದು ಬಂದ ಮೇಲೆ ಹವಾ ಬಿಟ್ಟು, ವಾಲ್ವಿನ ಒಳಪಿನ್ ಬಿಚ್ಚಿ, ಗಾಲಿಗೆ 100–120 ಮಿ.ಲೀ. ಸೀಲಂಟ್ ಹಾಕಿ. ಮತ್ತೆ ಹವಾ ತುಂಬಿ ಗಾಲಿಯನ್ನು ಎರಡೂ ಮಗ್ಗುಲು ಮಲಗಿಸಿ ಅಲ್ಲಾಡಿಸಿ, ಸ್ವಲ್ಪ ದೂರ ಓಡಿಸಿ. ಒಂದೆರಡು ದಿನ ಹವಾ ಇಳಿದರೆ ಗಾಬರಿ ಬೇಡ.

70 ಕಿಲೋ ತೂಕದವರು 2.2 ಇಂಚಿನ ಟಯರಿಗೆ ಮುಂದೆ 23, ಹಿಂದೆ 26 ಪಿಎಸ್ಐಯಿಂದ ಶುರು ಮಾಡಬಹುದು. ಕಲ್ಲಿಗೆ ರಿಮ್ ಬಡಿದರೆ ಎರಡು ಪಿಎಸ್ಐ ಏರಿಸಿ.

ಇನ್ನೊಂದು ಮಾತು. ಜೊತೆಗೆ ಒಂದು ಟ್ಯೂಬ್ ಇಟ್ಟುಕೊಂಡೇ ಹೋಗಿ. ಚಿಂಚೋಳಿ ಕಾಡಿನ ಕಡೆ ಒಮ್ಮೆ ಕಲ್ಲಿಗೆ ನನ್ನ ಟಯರ್ ಸೀಳಿತು. ಟ್ಯೂಬ್ ಹಾಕಿದೆ. ಒಂದು ಕಿಲೋಮೀಟರ್ ಹೋಗುವುದರೊಳಗೆ ಅದೂ ಪಂಕ್ಚರ್. ತಿಂಗಳುಗಟ್ಟಲೆ ಸೀಲಂಟ್ ಸದ್ದಿಲ್ಲದೆ ಮುಚ್ಚಿದ್ದ ಮುಳ್ಳುಗಳೆಲ್ಲ ಟಯರಿನ ಒಳಗೆ ತುದಿ ಚಾಚಿ ನಿಂತಿದ್ದವು. ಎಣಿಸಿದರೆ ಒಂಬತ್ತು. ಆವತ್ತು ಸೈಕಲ್ ತಳ್ಳಿಕೊಂಡೇ ಚಂದ್ರಂಪಳ್ಳಿ ಜಲಾಶಯದವರೆಗೆ ನಡೆದೆ. ಟ್ಯೂಬ್ ಹಾಕುವ ಮುಂಚೆ ಕೈಗೆ ಬಟ್ಟೆ ಸುತ್ತಿ ಟಯರಿನ ಒಳಗೆಲ್ಲ ಸವರಿ, ಸಿಕ್ಕ ಮುಳ್ಳನ್ನೆಲ್ಲ ಕಿತ್ತು ಹಾಕಿ.

ಪ್ರಶ್ನೆ: ಬೀದರಿನಲ್ಲಿರುತ್ತೇನೆ. ಕಳೆದ ಮಳೆಗಾಲದಲ್ಲಿ ಟ್ಯೂಬ್‌ಲೆಸ್ ಮಾಡಿಸಿದೆ. ಚಳಿಗಾಲದವರೆಗೆ ಏನೂ ತೊಂದರೆ ಇರಲಿಲ್ಲ. ಏಪ್ರಿಲ್‌ನಿಂದ ದಿನಾ ಬೆಳಿಗ್ಗೆ ಟಯರ್ ಕೂತಿರುತ್ತದೆ. ಟಯರ್ ಬದಲಿಸಬೇಕಾ?

ಉತ್ತರ: ಟಯರ್ ಅಲ್ಲ, ಸೀಲಂಟ್ ಒಣಗಿದೆ. ಬೀದರ್ ಕಲಬುರಗಿಗಿಂತ ತುಸು ತಂಪು ನಿಜ, ಆದರೂ ಬೇಸಿಗೆ ಬೇಸಿಗೆಯೇ ಅಲ್ವಾ. ಡಬ್ಬಿಯ ಮೇಲೆ ಆರು ತಿಂಗಳು ಅಂತ ಬರೆದಿದ್ದರೂ ನಂಬಿ ಕೂರಬೇಡಿ. ಮಾರ್ಚ್‌ನಿಂದ ಜೂನ್‌ವರೆಗೆ ಆರು ವಾರಕ್ಕೊಮ್ಮೆ ನೋಡಿ. ಗಾಲಿ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದರೆ ಗುಳುಗುಳು ಕೇಳಬೇಕು. ಕೇಳದಿದ್ದರೆ ವಾಲ್ವಿನಿಂದಲೇ 60 ಮಿ.ಲೀ. ಸೇರಿಸಿ. ಡಬ್ಬಿಯನ್ನು ಚೆನ್ನಾಗಿ ಕುಲುಕಿಯೇ ಹಾಕಬೇಕು, ತೂತು ಮುಚ್ಚುವ ಕಣಗಳು ತಳದಲ್ಲಿ ಕೂತಿರುತ್ತವೆ. ಸೈಕಲ್ಲನ್ನು ತಗಡಿನ ಶೆಡ್ಡಿನಲ್ಲಿ ಇಡುತ್ತಿದ್ದರೆ ಮನೆಯೊಳಗೆ ತನ್ನಿ.

ಪ್ರಶ್ನೆ: ಯಾದಗಿರಿಯಿಂದ ಬರೆಯುತ್ತಿದ್ದೇನೆ. ಮಗ ಶಾಲೆಗೆ ಹೋಗುವ 26 ಇಂಚಿನ ಸೈಕಲ್ಲಿಗೆ ಕಬ್ಬಿಣದ ರಿಮ್ ಇದೆ. ಅದನ್ನು ಟ್ಯೂಬ್‌ಲೆಸ್ ಮಾಡಬಹುದಾ?

ಉತ್ತರ: ಬೇಡಮ್ಮ, ಆ ರಿಮ್ಮಿಗೆ ಅದು ಆಗುವುದಿಲ್ಲ. ಟ್ಯೂಬ್ ಇರಲಿ. ಕಾರು, ಬೈಕಿನಂಥದ್ದೇ ವಾಲ್ವ್ ಇದ್ದರೆ ಒಳಪಿನ್ ಬಿಚ್ಚಿ ಟ್ಯೂಬಿನೊಳಗೇ ಸ್ವಲ್ಪ ಸೀಲಂಟ್ ಹಾಕಿಸಿ. ಟಯರ್ ಮತ್ತು ಟ್ಯೂಬಿನ ನಡುವೆ ಇಡುವ ದಪ್ಪ ಪಟ್ಟಿಯೂ ಸಿಗುತ್ತದೆ. ಜಾಲಿ ಮುಳ್ಳು ಉದ್ದವಿದ್ದರೆ ಅದನ್ನೂ ದಾಟಬಹುದು, ಆದರೂ ಪಂಕ್ಚರ್ ಎಷ್ಟೋ ಕಡಿಮೆಯಾಗುತ್ತದೆ. ಟಯರ್ ಸವೆದು ನುಣ್ಣಗಾಗಿದ್ದರೆ ಮೊದಲು ಅದನ್ನೇ ಬದಲಿಸಿ.